ಚಿನ್ನ ಹುಡುಕುವ ಕಂಪನಿಗಳ ಷೇರು: ಕೊಳ್ಳುವ ಮುಂಚೆ ನೋಡಬೇಕಾದ ಲೆಕ್ಕಗಳು

ಚಿನ್ನ 2025ರ ಮಾರ್ಚ್‌ನಲ್ಲಿ ಔನ್ಸಿಗೆ 3,000 ಡಾಲರ್, ಅಕ್ಟೋಬರ್‌ನಲ್ಲಿ 4,000 ಡಾಲರ್ ದಾಟಿತು. ಅಂದಿನಿಂದ ಒಂದೇ ಪ್ರಶ್ನೆ ಪದೇ ಪದೇ ಕಿವಿಗೆ ಬೀಳುತ್ತಿದೆ: ಕೆನಡಾ, ಆಸ್ಟ್ರೇಲಿಯಾದಲ್ಲಿ ಚಿನ್ನ ಹುಡುಕುವ ಸಣ್ಣ ಕಂಪನಿಗಳ ಷೇರು ಇಪ್ಪತ್ತು ಮೂವತ್ತು ಸೆಂಟಿಗೆ ಸಿಗುತ್ತವಲ್ಲ, ತಗೋಬಹುದಾ?

ಇಂಥ ಕಂಪನಿಗಳು ಕೊರೆದ ಬೋರ್‌ಗಳ ದತ್ತಾಂಶವನ್ನು ತಪಾಸಣೆ ಮಾಡಿ, ನೆಲದೊಳಗೆ ಅದಿರು ಹೇಗೆ ಹರಡಿದೆ ಎಂಬುದರ ಮಾದರಿ ಕಟ್ಟುವುದು ನಮ್ಮ ಕೆಲಸ. ಕೊಳ್ಳಿ ಅಂತಲೋ ಬೇಡ ಅಂತಲೋ ಹೇಳುವುದು ಈ ಬರಹದ ಉದ್ದೇಶವಲ್ಲ. ಆದರೆ ಮೇಜಿನ ಈ ಕಡೆ ಕೂತಾಗ ಕಾಣುವ ಒಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ಕಾಣುವುದಿಲ್ಲ. ನೆಲದಲ್ಲಿ ಚಿನ್ನ ನಿಜವಾಗಿಯೂ ಇರುತ್ತದೆ, ಕಂಪನಿ ಹೇಳಿದ ಅಂಕಿಯೂ ನಿಜವಿರುತ್ತದೆ, ಆದರೂ ಷೇರುದಾರ ಹಣ ಕಳೆದುಕೊಳ್ಳುತ್ತಾನೆ. ಮೋಸ ನಡೆದ ಪ್ರಕರಣಗಳಿಗಿಂತ ಇಂಥವೇ ಹೆಚ್ಚು. ಹಾಗಾಗಿ ಚಿನ್ನ ಇದೆಯೋ ಇಲ್ಲವೋ ಎಂಬ ಪ್ರಶ್ನೆಯಷ್ಟೇ ಗಮನವನ್ನು ಉಳಿದ ಲೆಕ್ಕಗಳಿಗೂ ಕೊಡಬೇಕು.

ಮೊದಲು ಕಂಪನಿ ಯಾವ ಬಗೆಯದು ಅಂತ ನೋಡಿ. ಗಣಿ ನಡೆಸುವ ಕಂಪನಿಗೆ ಚಿನ್ನದ ಬೆಲೆ ಏರಿದರೆ ಆದಾಯವೂ ಏರುತ್ತದೆ. ಹುಡುಕುವ ಕಂಪನಿಗೆ ಈ ವಲಯದಲ್ಲಿ ಜೂನಿಯರ್ ಅನ್ನುತ್ತಾರೆ. ಅದು ಒಂದು ಗ್ರಾಂ ಚಿನ್ನವನ್ನೂ ಮಾರುವುದಿಲ್ಲ. ಅದರ ಹತ್ತಿರ ಇರುವುದು ಕೆಲವು ಲೈಸೆನ್ಸು, ಬ್ಯಾಂಕಿನಲ್ಲಿ ಒಂದಿಷ್ಟು ನಗದು, ಕೆಲಸಕ್ಕೆ ಬೆರಳೆಣಿಕೆಯ ಜನ. ಚಿನ್ನದ ಬೆಲೆ ಏರಿದಾಗ ಅದಕ್ಕೆ ಆಗುವ ನೇರ ಅನುಕೂಲವೆಂದರೆ ಹೂಡಿಕೆದಾರರಿಂದ ಹಣ ಎತ್ತುವುದು ಸಲೀಸಾಗುವುದು. ಇಳಿದಾಗ ಆ ಬಾಗಿಲು ಮುಚ್ಚುತ್ತದೆ. 2011ರ ಸೆಪ್ಟೆಂಬರ್‌ನಲ್ಲಿ 1,900 ಡಾಲರ್ ಆಸುಪಾಸಿನಲ್ಲಿದ್ದ ಚಿನ್ನ 2015ರ ಡಿಸೆಂಬರ್ ಹೊತ್ತಿಗೆ 1,050ಕ್ಕೆ ಬಂತು, ಅಂದರೆ ಶೇ 45ರಷ್ಟು ಇಳಿಕೆ. ಜೂನಿಯರ್‌ಗಳೇ ತುಂಬಿರುವ ಕೆನಡಾದ ಟಿಎಸ್‌ಎಕ್ಸ್ ವೆಂಚರ್ ಸೂಚ್ಯಂಕ 2011ರ ಶುರುವಿನಲ್ಲಿ 2,400ರ ಮೇಲಿದ್ದದ್ದು 2016ರ ಜನವರಿಯಲ್ಲಿ 500ರ ಕೆಳಗಿತ್ತು. ಚಿನ್ನ ಅರ್ಧಕ್ಕೆ ಬರುವಷ್ಟರಲ್ಲಿ ಇವು ಐದರಲ್ಲಿ ನಾಲ್ಕು ಪಾಲು ಕಳೆದುಕೊಂಡವು. ಚಿನ್ನದ ಮೇಲೆ ನಂಬಿಕೆ ಇದ್ದರೆ ಚಿನ್ನವನ್ನೇ ಕೊಳ್ಳಬಹುದು. ಜೂನಿಯರ್ ಷೇರು ಬೇರೆಯದೇ ವಸ್ತು.

ನಮ್ಮ ಕಡೆಯವರು ಕೋಲಾರ, ಹಟ್ಟಿ ಅಂತ ಕೇಳಿ ಬೆಳೆದವರು, ಚಿನ್ನದ ಗಣಿ ಹೊಸದೇನಲ್ಲ. ಆದರೆ ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿ ಗಣಿ ರಾಜ್ಯ ಸರ್ಕಾರದ್ದು, ಅದರ ಷೇರು ಮಾರುಕಟ್ಟೆಯಲ್ಲಿ ಇಲ್ಲ. ಹಾಗಾಗಿ ಆಸಕ್ತಿ ಇರುವವರ ಕಣ್ಣು ಸಹಜವಾಗಿಯೇ ಟೊರೊಂಟೊ, ಸಿಡ್ನಿ ಕಡೆ ಹೋಗುತ್ತದೆ.

ಕೊರೆತದ ಫಲಿತಾಂಶ ಬಿಡಿಸಿ ಓದುವುದು

ಜೂನಿಯರ್ ಷೇರಿನ ಬೆಲೆ ಕುಣಿಯುವುದು ಕೊರೆತದ ಫಲಿತಾಂಶಕ್ಕೆ. ಪ್ರಕಟಣೆಯ ತಲೆಬರಹ ಹೀಗಿರುತ್ತದೆ ಅಂದುಕೊಳ್ಳಿ: '52 ಮೀಟರ್ ಉದ್ದಕ್ಕೆ ಟನ್ನಿಗೆ 3.2 ಗ್ರಾಂ ಚಿನ್ನ, ಅದರೊಳಗೆ 1 ಮೀಟರ್‌ನಲ್ಲಿ 150 ಗ್ರಾಂ'. ಓದಿದವರಿಗೆ 52 ಮೀಟರ್ ದಪ್ಪದ ಒಳ್ಳೆಯ ಅದಿರು ಕಣ್ಣ ಮುಂದೆ ಬರುತ್ತದೆ.

ಕ್ಯಾಲ್ಕುಲೇಟರ್ ತೆಗೆಯಿರಿ. 52 ಮೀಟರ್ ಗುಣಿಸು 3.2 ಅಂದರೆ 166.4. ಇದನ್ನು ಗ್ರಾಂ-ಮೀಟರ್ ಅನ್ನುತ್ತೇವೆ. ಅದರಲ್ಲಿ ಆ ಒಂದು ಮೀಟರ್‌ನದ್ದೇ 150. ಕಳೆದರೆ ಉಳಿಯುವುದು 16.4. ಅದನ್ನು ಉಳಿದ 51 ಮೀಟರ್‌ಗೆ ಹಂಚಿದರೆ ಟನ್ನಿಗೆ 0.32 ಗ್ರಾಂ. ಅಂದರೆ ಆ ಬೋರ್‌ನಲ್ಲಿ ಒಂದು ಮೀಟರ್ ಅದಿರಿದೆ, 51 ಮೀಟರ್ ಬಹುಮಟ್ಟಿಗೆ ಬರೀ ಕಲ್ಲು. ಕಂಪನಿ ಸುಳ್ಳು ಹೇಳಿಲ್ಲ, ಸರಾಸರಿ ಹೇಳಿದೆ. 'ಅದರೊಳಗೆ' ಅಂತ ಬಂದಾಗಲೆಲ್ಲ ಈ ಕಳೆಯುವ ಲೆಕ್ಕ ಮಾಡಬೇಕು. ಅರ್ಧ ನಿಮಿಷ ಸಾಕು. ಉಳಿದ ಭಾಗ ಟನ್ನಿಗೆ 0.5 ಗ್ರಾಂಗಿಂತ ಕೆಳಗೆ ಬಂದರೆ ತಲೆಬರಹದ ಉದ್ದವನ್ನು ಮರೆತು, ಒಳಗಿನ ಆ ಚಿಕ್ಕ ತುಂಡನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಆ ಒಂದು ಮೀಟರ್ ಕೂಡ ನಿಜಕ್ಕೂ ಒಂದು ಮೀಟರ್ ಅಂತ ನಂಬುವ ಹಾಗಿಲ್ಲ. ಬೋರ್ ಅದಿರಿನ ಪದರವನ್ನು ನೇರವಾಗಿ ಅಡ್ಡ ಹಾಯ್ದರೆ ಬೋರ್‌ನ ಉದ್ದವೇ ಪದರದ ದಪ್ಪ. ಓರೆಯಾಗಿ, 30 ಡಿಗ್ರಿ ಕೋನದಲ್ಲಿ ಹಾಯ್ದರೆ ನಿಜವಾದ ದಪ್ಪ ಅರ್ಧ ಮಾತ್ರ. ಪದರ ಇಳಿದಿರುವ ದಿಕ್ಕಿನಲ್ಲೇ ಬೋರ್ ಇಳಿಸಿದರೆ ಎರಡು ಮೀಟರ್ ದಪ್ಪದ ಪದರದಲ್ಲಿ ಎಷ್ಟು ಉದ್ದ ಬೇಕಾದರೂ ತೋರಿಸಬಹುದು. ಪ್ರಕಟಣೆಯ ಕೊನೆಯಲ್ಲಿರುವ ಕೋಷ್ಟಕದಲ್ಲಿ ಪ್ರತಿ ಬೋರ್‌ನ ದಿಕ್ಕು, ಇಳಿಜಾರು ಇರುತ್ತವೆ. ಜೊತೆಗೆ ಅಡ್ಡಕೊಯ್ತದ ನಕ್ಷೆ ಇರಬೇಕು. ನಕ್ಷೆ ಕೊಡದೆ 'ನಿಜವಾದ ದಪ್ಪ ಇನ್ನೂ ತಿಳಿದಿಲ್ಲ' ಎಂಬ ಒಂದು ಸಾಲು ಬರೆದಿದ್ದರೆ, ಮೊದಲ ಎರಡು ಮೂರು ಬೋರ್‌ಗಳಿಗೆ ಒಪ್ಪಬಹುದು. ಮೂವತ್ತನೇ ಬೋರ್‌ನಲ್ಲೂ ಅದೇ ಸಾಲು ಇದ್ದರೆ ದೂರ ಇರುವುದು ಒಳ್ಳೆಯದು.

ಆಳವೂ ಮುಖ್ಯ. ಮೇಲ್ಮೈ ಹತ್ತಿರ, ತೆರೆದ ಗಣಿ ಮಾಡುವಂಥ ಕಡೆ, ಟನ್ನಿಗೆ 1 ಗ್ರಾಂ ಇದ್ದರೂ ಗಣಿ ನಡೆದೀತು. 400 ಮೀಟರ್ ಕೆಳಗೆ ಸುರಂಗ ಹೊಡೆದು ತೆಗೆಯಬೇಕಾದರೆ ಅದು ಸಾಲದು. ಸುರಂಗದಲ್ಲಿ ಜನ, ಯಂತ್ರ ಓಡಾಡಲು ಜಾಗ ಬೇಕು. 30 ಸೆಂಟಿಮೀಟರ್ ದಪ್ಪದ ಪದರದಲ್ಲಿ ಟನ್ನಿಗೆ 20 ಗ್ರಾಂ ಇದೆ ಅನ್ನೋಣ. ಕನಿಷ್ಠ ಒಂದೂವರೆ ಮೀಟರ್ ಅಗಲ ಒಡೆಯಲೇಬೇಕಾದರೆ ಜೊತೆಗೆ ಬರುವ ಬರಡು ಕಲ್ಲಿನೊಂದಿಗೆ ಬೆರೆತು ಅದು 4 ಗ್ರಾಂ ಆಗುತ್ತದೆ. 20 ಎಂಬ ಅಂಕಿ ತಲೆಬರಹದಲ್ಲಿ ಚೆಂದ ಕಾಣುತ್ತದೆ, ಅದಿರು ಅರೆಯುವ ಮಿಲ್ಲಿಗೆ ಹೋಗುವುದು 4.

ಬೋರ್‌ಗಳ ಸಂಖ್ಯೆಯನ್ನೂ ಗಮನಿಸಿ. ಫಲಿತಾಂಶ 14, 16, 19ನೇ ಬೋರ್‌ಗಳದ್ದು ಬಂದಿದೆ, 15, 17, 18 ಏನಾದವು? ಲ್ಯಾಬಿನಿಂದ ಇನ್ನೂ ಬಂದಿರಲಿಕ್ಕಿಲ್ಲ. ಎರಡು ತಿಂಗಳಾದ ಮೇಲೂ ಅವುಗಳ ಸುದ್ದಿ ಇಲ್ಲದಿದ್ದರೆ ಅಥವಾ ಕೋಷ್ಟಕದ ತಳದಲ್ಲಿ 'ಗಮನಾರ್ಹ ಫಲಿತಾಂಶ ಇಲ್ಲ' ಅಂತ ಸೇರಿಕೊಂಡಿದ್ದರೆ, ನಕ್ಷೆಯಲ್ಲಿ ಅವು ಎಲ್ಲಿವೆ ನೋಡಿ. ಒಳ್ಳೆಯ ಬೋರ್‌ನ ಎರಡೂ ಪಕ್ಕದಲ್ಲಿ ಐವತ್ತು ಮೀಟರ್ ದೂರಕ್ಕೆ ಬರಡು ಬೋರ್‌ಗಳಿದ್ದರೆ ಅಲ್ಲಿರುವುದು ಚಿಕ್ಕ ತುಣುಕು. ಹಾಗೆಯೇ, ಹಳೆಯ ಒಳ್ಳೆಯ ಬೋರ್‌ನ ಪಕ್ಕದಲ್ಲೇ ಮತ್ತೊಂದು ಕೊರೆದು ದೊಡ್ಡ ಅಂಕಿ ತೋರಿಸುವುದೂ ಇದೆ. ಹಳೆಯ ದತ್ತಾಂಶ ಸರಿಯೇ ಅಂತ ಖಾತ್ರಿ ಮಾಡಲು ಅದು ಬೇಕಾದ ಕೆಲಸವೇ, ಆದರೆ ಅದರಿಂದ ಒಂದು ಟನ್ ಅದಿರೂ ಹೆಚ್ಚಾಗುವುದಿಲ್ಲ. ಮೌಲ್ಯ ಹೆಚ್ಚುವುದು ಗೊತ್ತಿರುವ ಅಂಚಿನಿಂದ ಹೊರಗೆ ಹೆಜ್ಜೆ ಇಟ್ಟು ಕೊರೆದು ಅಲ್ಲೂ ಅದಿರು ಸಿಕ್ಕಾಗ.

ಇನ್ನು 'ಕೋರ್‌ನಲ್ಲಿ ಕಣ್ಣಿಗೆ ಕಾಣುವ ಚಿನ್ನ' ಎಂಬ ಫೋಟೊ. ಬೋರ್ ಕೊರೆಯುವಾಗ ಹೊರಬರುವ ಕಲ್ಲಿನ ಉರುಳೆಗೆ ಕೋರ್ ಅನ್ನುತ್ತಾರೆ. ಲ್ಯಾಬಿನ ಫಲಿತಾಂಶ ಬರುವುದಕ್ಕೆ ವಾರಗಟ್ಟಲೆ ಮುಂಚೆ ಇಂಥ ಫೋಟೊ ಬರುತ್ತದೆ, ಷೇರು ಹಾರುತ್ತದೆ. ಒಂದು ಮಿಲಿಮೀಟರ್ ವ್ಯಾಸದ ಶುದ್ಧ ಚಿನ್ನದ ಕಾಳು ಸುಮಾರು 10 ಮಿಲಿಗ್ರಾಂ ತೂಗುತ್ತದೆ. ಲ್ಯಾಬಿನಲ್ಲಿ ಬೆಂಕಿಗಿಟ್ಟು ಪರೀಕ್ಷಿಸುವ ಪುಡಿಯ ತೂಕ ಸಾಮಾನ್ಯವಾಗಿ 30 ಅಥವಾ 50 ಗ್ರಾಂ. ಆ ಒಂದು ಕಾಳು 30 ಗ್ರಾಂ ಪುಡಿಯೊಳಗೆ ಬಿದ್ದರೆ ಫಲಿತಾಂಶ ಟನ್ನಿಗೆ 330 ಗ್ರಾಂಗಿಂತ ಹೆಚ್ಚು ಬರುತ್ತದೆ, ಬೀಳದಿದ್ದರೆ ಸೊನ್ನೆಯ ಹತ್ತಿರ. ಕಲ್ಲು ಅದೇ, ಚೀಲ ಅದೇ. ದಪ್ಪ ಕಾಳಿನ ಚಿನ್ನ ಇರುವ ಕಡೆ ಒಂದು ಕಿಲೋದಷ್ಟು ಮಾದರಿಯನ್ನು ಜರಡಿ ಹಿಡಿದು, ಜರಡಿಯ ಮೇಲೆ ಉಳಿದದ್ದನ್ನೂ ಕೆಳಗೆ ಬಿದ್ದದ್ದನ್ನೂ ಬೇರೆ ಬೇರೆ ಪರೀಕ್ಷಿಸುವ ವಿಧಾನ ಬಳಸಬೇಕು. ಪ್ರಕಟಣೆಯಲ್ಲಿ ಅದರ ಉಲ್ಲೇಖ ಇಲ್ಲದಿದ್ದರೆ ದೊಡ್ಡ ಅಂಕಿಗೂ ಸಣ್ಣ ಅಂಕಿಗೂ ಹೆಚ್ಚು ಅರ್ಥ ಕೊಡಬಾರದು. ತುಂಬ ಎತ್ತರದ ಅಂಕಿಗಳನ್ನು ಒಂದು ಮಿತಿಗೆ ಕತ್ತರಿಸಿ ಸರಾಸರಿ ತೆಗೆದಿದ್ದಾರೆಯೇ ಎಂಬುದನ್ನೂ ನೋಡಿ. ಮೇಲಿನ ಉದಾಹರಣೆಯ 150 ಗ್ರಾಂ ಅನ್ನು 30ಕ್ಕೆ ಕತ್ತರಿಸಿದರೆ 52 ಮೀಟರ್‌ನ ಸರಾಸರಿ 3.2ರಿಂದ 0.9ಕ್ಕೆ ಇಳಿಯುತ್ತದೆ.

ಮೋಸ ಹಿಡಿಯುವ ಸರಳ ಗುರುತುಗಳು

ಬ್ರೀ-ಎಕ್ಸ್ ಪ್ರಕರಣ ಈ ಕೆಲಸ ಮಾಡುವವರೆಲ್ಲರಿಗೂ ಗೊತ್ತು. ಕೆನಡಾದ ಕ್ಯಾಲ್ಗರಿಯ ಕಂಪನಿ. ಇಂಡೋನೇಷ್ಯಾದ ಪೂರ್ವ ಕಾಲಿಮಂಟಾನ್‌ನ ಬುಸಾಂಗ್‌ನಲ್ಲಿ ಕೋಟಿಗಟ್ಟಲೆ ಔನ್ಸ್ ಚಿನ್ನ ಇದೆ ಅಂತ ಹೇಳಿ, ಮಾರುಕಟ್ಟೆ ಮೌಲ್ಯ 600 ಕೋಟಿ ಕೆನಡಾ ಡಾಲರ್‌ಗೂ ಮೇಲೆ ಹೋಗಿತ್ತು. ಕೋರ್ ಅನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಲ್ಯಾಬಿಗೆ ಕಳಿಸಿ ಅರ್ಧವನ್ನು ಪೆಟ್ಟಿಗೆಯಲ್ಲಿ ಇಡುವುದು ವಾಡಿಕೆ. ಅಲ್ಲಿ ಇಡೀ ಕೋರ್ ಅನ್ನೇ ಪುಡಿ ಮಾಡಿ ಕಳಿಸುತ್ತಿದ್ದರು. ಮತ್ತೆ ಪರೀಕ್ಷಿಸಲು ಏನೂ ಉಳಿದಿರಲಿಲ್ಲ. ಪುಡಿಗೆ ಹೊರಗಿನ ಚಿನ್ನ ಬೆರೆಸಿದ್ದು ಬಯಲಾದದ್ದು, ಪಾಲುದಾರಿಕೆಗೆ ಬಂದ ಫ್ರೀಪೋರ್ಟ್ ಕಂಪನಿ ಹಳೆಯ ಬೋರ್‌ಗಳ ಪಕ್ಕದಲ್ಲೇ ತಾನೇ ಕೊರೆದು ನೋಡಿದಾಗ. 1997ರ ಮಾರ್ಚ್‌ನಲ್ಲಿ ಆ ಸುದ್ದಿ ಹೊರಬಿತ್ತು, ಮೇ ತಿಂಗಳಲ್ಲಿ ಸ್ಟ್ರಾಥ್‌ಕೋನಾ ಎಂಬ ಸ್ವತಂತ್ರ ಸಂಸ್ಥೆಯ ವರದಿ ಅದನ್ನು ಖಚಿತಪಡಿಸಿತು. ಕೆನಡಾ ಎನ್‌ಐ 43-101 ಎಂಬ, ಕಂಪನಿಗಳು ಇಂಥ ಮಾಹಿತಿಯನ್ನು ಹೇಗೆ ಪ್ರಕಟಿಸಬೇಕು ಅಂತ ಹೇಳುವ ನಿಯಮ ತಂದದ್ದು ಇದರ ನಂತರ, 2001ರಲ್ಲಿ. ಆಸ್ಟ್ರೇಲಿಯಾದಲ್ಲಿ ಇಂಥದ್ದೇ ಜಾರ್ಕ್ ಸಂಹಿತೆ ಅದಕ್ಕೂ ಮುಂಚೆ, 1989ರಿಂದಲೇ ಇತ್ತು.

ಇವತ್ತು ಪ್ರತಿ ಪ್ರಕಟಣೆಯ ತಳದಲ್ಲಿ ಜವಾಬ್ದಾರಿ ಹೊತ್ತ ಭೂವಿಜ್ಞಾನಿಯ ಹೆಸರು, ಲ್ಯಾಬ್, ಪರೀಕ್ಷಾ ವಿಧಾನ ಇರಬೇಕು. ಜೊತೆಗೆ ನೋಡಬೇಕಾದ್ದು ತಪಾಸಣಾ ಮಾದರಿಗಳು. ಸುಮಾರು ಇಪ್ಪತ್ತು ಚೀಲಕ್ಕೊಂದರಂತೆ ಚಿನ್ನವೇ ಇಲ್ಲದ ಕಲ್ಲು, ಚಿನ್ನದ ಪ್ರಮಾಣ ಮೊದಲೇ ಗೊತ್ತಿರುವ ಪುಡಿ, ಒಂದೇ ಮಾದರಿಯ ಎರಡನೇ ಪ್ರತಿ ಇವನ್ನು ಗುಟ್ಟಾಗಿ ಸೇರಿಸಿ ಕಳಿಸಿರಬೇಕು. ಬರಡು ಕಲ್ಲಿನಲ್ಲಿ ಚಿನ್ನ ಬಂದರೆ ಲ್ಯಾಬಿನ ಯಂತ್ರದಲ್ಲಿ ಹಿಂದಿನ ಮಾದರಿಯ ಪುಡಿ ಉಳಿದಿದೆ ಅಂತ ಗೊತ್ತಾಗುತ್ತದೆ. ಈ ಪ್ಯಾರಾ ಇಲ್ಲದ ಪ್ರಕಟಣೆಯನ್ನು ಮುಂದೆ ಓದುವ ಅಗತ್ಯವೇ ಇಲ್ಲ. ಫಲಿತಾಂಶ ಹೊಗಳುವ ವಿಡಿಯೊ, ಸುದ್ದಿಪತ್ರ ಕಂಡರೆ ಕೆಳಗಿನ ಸಣ್ಣ ಅಕ್ಷರ ಓದಿ. ಕಂಪನಿಯಿಂದ ಹಣ ಪಡೆದಿದ್ದೇವೆ ಅಂತ ಎಷ್ಟೋ ಸಲ ಅಲ್ಲೇ ಬರೆದಿರುತ್ತದೆ.

ಅಂದಾಜು, ಗಣಿ ಆಗುವಷ್ಟರಲ್ಲಿ

ಸಾಕಷ್ಟು ಬೋರ್ ಕೊರೆದ ಮೇಲೆ ಕಂಪನಿ ನಿಕ್ಷೇಪದ ಅಂದಾಜು ಪ್ರಕಟಿಸುತ್ತದೆ. ಅದರಲ್ಲಿ ಮೂರು ಮೆಟ್ಟಿಲು: ಇನ್ಫರ್ಡ್, ಇಂಡಿಕೇಟೆಡ್, ಮೆಷರ್ಡ್. ಇನ್ಫರ್ಡ್ ಅಂದರೆ ದೂರ ದೂರದ ಬೋರ್‌ಗಳ ನಡುವೆ ಅದಿರು ಮುಂದುವರಿದಿರಬಹುದು ಎಂಬ ಊಹೆ. ಬೋರ್‌ಗಳು ಹತ್ತಿರವಾಗಿ ಖಾತ್ರಿ ಹೆಚ್ಚಿದಂತೆ ಉಳಿದೆರಡು. 'ಹತ್ತು ಲಕ್ಷ ಔನ್ಸ್' ಅಂತ ಕಂಡ ಕೂಡಲೇ ಅದನ್ನು 4,000 ಡಾಲರ್‌ನಿಂದ ಗುಣಿಸಿ, ಕಂಪನಿಯ ಈಗಿನ ಮೌಲ್ಯದ ಜೊತೆ ಹೋಲಿಸಿ, ಎಷ್ಟು ಅಗ್ಗ ಅಂತ ಬರೆಯುವವರು ಬಹಳ. ಆ ಗುಣಾಕಾರಕ್ಕೆ ಅರ್ಥ ಇಲ್ಲ. ಅದಿರು ಒಡೆಯುವ, ಅರೆಯುವ, ಚಿನ್ನ ಬೇರ್ಪಡಿಸುವ ಖರ್ಚು, ಗಣಿ ಕಟ್ಟುವ ಬಂಡವಾಳ, ತೆರಿಗೆ, ಕಾಯುವ ವರ್ಷಗಳು ಎಲ್ಲ ಕಳೆದ ಮೇಲೆ ಉಳಿಯುವುದು ಚಿನ್ನದ ಬೆಲೆಯ ಸಣ್ಣ ಪಾಲು. ಮಾರುಕಟ್ಟೆ ನೆಲದೊಳಗಿನ ಔನ್ಸಿಗೆ ಕೊಡುವುದು ಅದನ್ನೇ.

ಅಂದಾಜು ಎಷ್ಟು ಕುಸಿಯಬಹುದು ಎಂಬುದಕ್ಕೆ ಒಂಟಾರಿಯೊದ ರೆಡ್ ಲೇಕ್‌ನಲ್ಲಿದ್ದ ರೂಬಿಕಾನ್ ಮಿನರಲ್ಸ್‌ನ ಫೀನಿಕ್ಸ್ ಗಣಿ ನೋಡಿ. 2013ರ ಅಂದಾಜಿನಲ್ಲಿ ಇಂಡಿಕೇಟೆಡ್ ಮತ್ತು ಇನ್ಫರ್ಡ್ ಸೇರಿ 33 ಲಕ್ಷ ಔನ್ಸ್ ಇತ್ತು. ಶಾಫ್ಟ್ (ಗಣಿಗೆ ಇಳಿಯುವ ಬಾವಿ), ಮಿಲ್ ಎಲ್ಲ ಕಟ್ಟಿ 2015ರಲ್ಲಿ ಅದಿರು ತೆಗೆಯಲು ಶುರು ಮಾಡಿ, ಅದೇ ವರ್ಷ ನಿಲ್ಲಿಸಿದರು. 2016ರ ಜನವರಿಯ ಹೊಸ ಅಂದಾಜು ಸುಮಾರು 4 ಲಕ್ಷ ಔನ್ಸ್. ಅಲ್ಲಿ ಚಿನ್ನ ಇತ್ತು. ಬೋರ್‌ಗಳ ನಡುವೆ ಮೊದಲ ಅಂದಾಜು ಊಹಿಸಿದಷ್ಟು ಅದು ಮುಂದುವರಿದಿರಲಿಲ್ಲ. ಇದೇ ಬಗೆಯ ಸಂಶಯ ಬ್ರಿಟಿಷ್ ಕೊಲಂಬಿಯಾದ ಬ್ರೂಸ್‌ಜ್ಯಾಕ್‌ನಲ್ಲೂ ಬಂತು. 2013ರ ಅಕ್ಟೋಬರ್‌ನಲ್ಲಿ ದೊಡ್ಡ ಪ್ರಮಾಣದ ಮಾದರಿ ಪರೀಕ್ಷೆ ನಡೆಸುತ್ತಿದ್ದ ಸ್ಟ್ರಾಥ್‌ಕೋನಾ ಅರ್ಧದಲ್ಲೇ ಹೊರನಡೆಯಿತು, ಆ ನಿಕ್ಷೇಪದ ಒಡೆಯ ಪ್ರಿಟಿಯಂ ಕಂಪನಿಯ ಷೇರು ಕುಸಿದು ಹೋಯಿತು. ಆದರೆ ಆ ಗಣಿ 2017ರಲ್ಲಿ ಶುರುವಾಗಿ ನಡೆಯಿತು, 2022ರಲ್ಲಿ ನ್ಯೂಕ್ರೆಸ್ಟ್ ಆ ಕಂಪನಿಯನ್ನು ಕೊಂಡಿತು. ದಪ್ಪ ಕಾಳಿನ ಚಿನ್ನದಲ್ಲಿ ಅನುಭವಿಗಳೂ ಒಪ್ಪದೇ ಹೋಗುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ. ಇಂಥ ನಿಕ್ಷೇಪ ಎಂದು ಕಂಡರೆ ಕೊರೆತದ ಅಂಕಿಗೆ ತೃಪ್ತರಾಗದೆ, ನೂರಾರು ಸಾವಿರಾರು ಟನ್ ಅದಿರನ್ನು ನಿಜವಾಗಿ ತೆಗೆದು ಅರೆದ ಪರೀಕ್ಷೆ ಬರುವವರೆಗೆ ಕಾಯುವುದು ಮೇಲು.

ಕಲ್ಲು ಚಿನ್ನವನ್ನು ಬಿಟ್ಟುಕೊಡುತ್ತದೆಯೇ ಎಂಬ ಪ್ರಶ್ನೆಯನ್ನು ಹೂಡಿಕೆದಾರರು ಕೇಳುವುದೇ ಕಡಿಮೆ. ಬಿಡಿ ಕಾಳಿನ ಚಿನ್ನ ಸೈನೈಡ್ ದ್ರಾವಣದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕರಗುತ್ತದೆ. ಆರ್ಸೆನೋಪೈರೈಟ್‌ನಂಥ ಖನಿಜದ ಹರಳಿನೊಳಗೆ ಸೂಕ್ಷ್ಮವಾಗಿ ಸೇರಿದ್ದರೆ ಅರ್ಧವೂ ಬಾರದೇ ಹೋಗಬಹುದು. ಆಗ ಅದಿರನ್ನು ಹುರಿಯಬೇಕು, ಇಲ್ಲವೇ ಒತ್ತಡದ ಪಾತ್ರೆಯಲ್ಲಿ ಆಕ್ಸಿಜನ್ ಕೊಟ್ಟು ಒಡೆಯಬೇಕು. ಸಣ್ಣ ಕಂಪನಿ ಆ ಖರ್ಚು ತಾಳುವುದು ಕಷ್ಟ. ಇನ್ನೊಂದು ಹುಷಾರು: ಪರೀಕ್ಷೆ ಮಾಡಿದ್ದು ಮೇಲಿನ ಕೊಳೆತ, ಕೆಂಪಾದ ಪದರದ್ದೋ ಕೆಳಗಿನ ಗಟ್ಟಿ ಕಲ್ಲಿನದ್ದೋ? ಮೇಲಿನದ್ದರಲ್ಲಿ ಶೇ 92 ಚಿನ್ನ ಬಂತು ಅಂತ ಕೆಳಗಿನದ್ದೂ ಹಾಗೇ ಬರುತ್ತದೆ ಅಂದುಕೊಳ್ಳಬಾರದು.

ಹಣ ಯಾವಾಗ ಮುಗಿಯುತ್ತದೆ

ಇಷ್ಟೆಲ್ಲ ಸರಿ ಇದ್ದರೂ ಷೇರುದಾರನ ಪಾಲು ಕರಗುವುದು ಇಲ್ಲಿ. ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದೂ ಇದಕ್ಕೇ.

ಒಂದು ಲೆಕ್ಕ ಹಾಕೋಣ. ಕಂಪನಿಗೆ 8 ಕೋಟಿ ಷೇರು, ಬೆಲೆ 25 ಸೆಂಟ್, ಒಟ್ಟು ಮೌಲ್ಯ 2 ಕೋಟಿ ಡಾಲರ್. ಸಿಬ್ಬಂದಿಗೆ ಕೊಟ್ಟ ಆಪ್ಷನ್, ಅಂದರೆ ನಿಗದಿತ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು, 80 ಲಕ್ಷ. ನಿಮ್ಮ ಹತ್ತಿರ 8 ಲಕ್ಷ ಷೇರಿವೆ, ಅಂದರೆ ಶೇ 1. ಕೊರೆಯಲು ಹಣ ಬೇಕು, 40 ಲಕ್ಷ ಡಾಲರ್ ಎತ್ತುತ್ತಾರೆ. ಮಾರುಕಟ್ಟೆ ಬೆಲೆಗೆ ಯಾರೂ ಕೊಡುವುದಿಲ್ಲ, ರಿಯಾಯಿತಿ ಬೇಕು. 20 ಸೆಂಟ್‌ಗೆ 2 ಕೋಟಿ ಹೊಸ ಷೇರು. ಜೊತೆಗೆ ಎರಡು ಷೇರಿಗೊಂದು ವಾರಂಟ್, ಎರಡು ವರ್ಷದೊಳಗೆ 30 ಸೆಂಟ್ ಕೊಟ್ಟು ಇನ್ನೊಂದು ಷೇರು ಪಡೆಯುವ ಹಕ್ಕು. ಅಲ್ಲಿಗೆ 1 ಕೋಟಿ ವಾರಂಟ್. ಎಲ್ಲ ಸೇರಿಸಿದರೆ 11.8 ಕೋಟಿ. ನಿಮ್ಮ ಪಾಲು ಶೇ 0.68. ಇಂಥವೇ ಇನ್ನೆರಡು ಸುತ್ತು ಬಂದರೆ ಒಟ್ಟು 17.8 ಕೋಟಿ, ನಿಮ್ಮ ಪಾಲು ಶೇ 0.45. ಕಂಪನಿಯ ಒಟ್ಟು ಮೌಲ್ಯ ಎರಡು ಪಟ್ಟಾದರೂ, ಅದನ್ನು ಈ 17.8 ಕೋಟಿಗೆ ಹಂಚಿದರೆ ಷೇರಿಗೆ 25 ಸೆಂಟ್ ಕೂಡ ಬೀಳುವುದಿಲ್ಲ.

ವಾರಂಟ್‌ನಿಂದ ಇನ್ನೊಂದು ತೊಂದರೆ ಇದೆ. ಕೆನಡಾದಲ್ಲಿ ಹೀಗೆ ಖಾಸಗಿಯಾಗಿ ಕೊಂಡ ಷೇರನ್ನು ಸಾಮಾನ್ಯವಾಗಿ ನಾಲ್ಕು ತಿಂಗಳು ಮಾರುವಂತಿಲ್ಲ. ಆ ಗಡುವು ಮುಗಿದ ವಾರ ಅನೇಕರು ಷೇರು ಮಾರಿ ಹಾಕಿದ ಹಣ ವಾಪಸು ತೆಗೆದುಕೊಂಡು, ವಾರಂಟ್ ಮಾತ್ರ ಉಳಿಸಿಕೊಳ್ಳುತ್ತಾರೆ. ಅವರಿಗೆ ಮುಂದಿನದ್ದೆಲ್ಲ ಉಚಿತ. ಷೇರು 30 ಸೆಂಟ್ ಹತ್ತಿರ ಬಂದಾಗಲೆಲ್ಲ ಮಾರುವವರು ಕಾದಿರುತ್ತಾರೆ. ಹಾಗಾಗಿ ಕೊಳ್ಳುವ ಮುಂಚೆ ಹಿಂದಿನ ಸುತ್ತಿನ ದಿನಾಂಕಕ್ಕೆ ನಾಲ್ಕು ತಿಂಗಳು ಸೇರಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದಕ್ಕೆ ಹತ್ತು ದಿನ ಮುಂಚೆ ಕೊಳ್ಳುವುದಕ್ಕಿಂತ ಅದಾದ ಮೇಲೆ ನೋಡುವುದು ಜಾಣತನ.

ಈ ಮಾಹಿತಿ ಎಲ್ಲ ಬಹಿರಂಗವೇ. ಕೆನಡಾದ ಕಂಪನಿಯಾದರೆ ಸೆಡಾರ್ ಪ್ಲಸ್ ಜಾಲತಾಣದಲ್ಲಿ ತ್ರೈಮಾಸಿಕ ಲೆಕ್ಕಪತ್ರ, ಆಡಳಿತದ ವಿವರಣೆ, ತಾಂತ್ರಿಕ ವರದಿ ಉಚಿತವಾಗಿ ಸಿಗುತ್ತವೆ. ಆಸ್ಟ್ರೇಲಿಯಾದಲ್ಲಿ ಇನ್ನೂ ಸುಲಭ: ಹುಡುಕುವ ಕಂಪನಿ ಪ್ರತಿ ತ್ರೈಮಾಸಿಕಕ್ಕೆ ಅಪೆಂಡಿಕ್ಸ್ 5ಬಿ ಎಂಬ ನಮೂನೆ ಸಲ್ಲಿಸಬೇಕು. ಕೈಯಲ್ಲಿರುವ ಹಣ ಇನ್ನೆಷ್ಟು ತ್ರೈಮಾಸಿಕಕ್ಕೆ ಸಾಕು ಎಂಬ ಅಂಕಿ ಅದರ ಕೊನೆಯಲ್ಲಿರುತ್ತದೆ. ಅದು ಎರಡಕ್ಕಿಂತ ಕಡಿಮೆ ಇದ್ದರೆ ಮುಂದೇನು ಮಾಡುತ್ತೀರಿ ಅಂತ ಕಂಪನಿ ಉತ್ತರ ಬರೆಯಬೇಕು. ನಾವು ಮೊದಲು ತೆರೆಯುವ ಪುಟ ಅದು. ಎರಡಕ್ಕಿಂತ ಕಡಿಮೆ ಇದ್ದರೆ ಹೊಸ ಷೇರು ಬರುವುದು ಹೆಚ್ಚುಕಡಿಮೆ ಖಚಿತ. ಆ ಸುತ್ತು ಮುಗಿಯುವವರೆಗೆ ಕೊಳ್ಳಲು ಅವಸರ ಇಲ್ಲ.

ಹಣ ನೆಲಕ್ಕೆ ಹೋಗುತ್ತಿದೆಯೋ ಕಚೇರಿಗೋ ಎಂಬುದೂ ಅಲ್ಲೇ ಕಾಣುತ್ತದೆ. ನಾಲ್ಕು ತ್ರೈಮಾಸಿಕದ ಕೊರೆತ, ಪರೀಕ್ಷೆ, ಕ್ಷೇತ್ರಕಾರ್ಯದ ಖರ್ಚನ್ನು ಒಟ್ಟು ಖರ್ಚಿನಿಂದ ಭಾಗಿಸಿ. ಶೇ 60ರಿಂದ 70 ನೆಲಕ್ಕೆ ಹೋಗುತ್ತಿದ್ದರೆ ಸರಿ. ಅರ್ಧಕ್ಕಿಂತ ಹೆಚ್ಚು ಸಂಬಳ, ಪ್ರಯಾಣ, ಪ್ರಚಾರಕ್ಕೆ ಹೋಗುತ್ತಿದ್ದರೆ ಆ ಕಂಪನಿಯ ಉದ್ಯೋಗ ಚಿನ್ನ ಹುಡುಕುವುದಲ್ಲ. ಕೊರೆತಕ್ಕೆ ಎಲ್ಲ ಸೇರಿ ಮೀಟರಿಗೆ 300 ಡಾಲರ್ ಬೀಳುತ್ತದೆ ಅಂತ ಇಟ್ಟುಕೊಳ್ಳಿ. 40 ಲಕ್ಷದಲ್ಲಿ 28 ಲಕ್ಷ ನೆಲಕ್ಕೆ ಹೋದರೆ ಸುಮಾರು 9,300 ಮೀಟರ್, ತಲಾ 300 ಮೀಟರಿನ ಮೂವತ್ತು ಬೋರ್. ಅಷ್ಟೇ ಹಣ ಎತ್ತಿ '30,000 ಮೀಟರ್ ಯೋಜನೆ' ಅಂತ ಘೋಷಿಸಿದರೆ ಉಳಿದ ಹಣ ಎಲ್ಲಿಂದ ಬರುತ್ತದೆ ಎಂಬುದು ಈಗ ಗೊತ್ತಾಗಿರಬೇಕು.

ಈ ಸಂಕಟ ಹೊಸದಲ್ಲ. 1880ರ ಸುಮಾರಿಗೆ ಲಂಡನ್ನಿನಲ್ಲಿ ವೈನಾಡು ಚಿನ್ನದ ಹುಚ್ಚು ಹಬ್ಬಿ, ದೇವಾಲ, ಪಂದಲೂರು ಸುತ್ತ ಹತ್ತಾರು ಕಂಪನಿಗಳು ಹುಟ್ಟಿದವು, ಕೆಲವೇ ವರ್ಷಗಳಲ್ಲಿ ಮುಳುಗಿದವು. ಅದೇ ಹೊತ್ತಿಗೆ ಕೋಲಾರದಲ್ಲಿದ್ದ ಮೈಸೂರು ಕಂಪನಿಯ ಹಣವೂ ಮುಗಿಯುತ್ತ ಬಂದಿತ್ತು. ಜಾನ್ ಟೇಲರ್ ಸಂಸ್ಥೆ ಷೇರುದಾರರನ್ನು ಒಪ್ಪಿಸಿ ಉಳಿದ ಹಣದಲ್ಲಿ ಕೆಲಸ ಮುಂದುವರಿಸಿದ್ದರಿಂದ ಚಾಂಪಿಯನ್ ಲೋಡ್ ಎಂಬ ಚಿನ್ನದ ದೊಡ್ಡ ಪದರ ಸಿಕ್ಕಿತು. ಮುಂದೆ ಆ ನೆಲದಿಂದ ಸುಮಾರು 800 ಟನ್ ಚಿನ್ನ ಬಂತು. ಅಷ್ಟು ದೊಡ್ಡ ನಿಕ್ಷೇಪ ಕಾಲ ಕೆಳಗಿದ್ದಾಗಲೂ ಕಂಪನಿ ಮುಚ್ಚುವ ಅಂಚಿಗೆ ಹೋಗಿತ್ತು.

ಅನುಮತಿ ಮತ್ತು ಕಾನೂನು

ರೊಮೇನಿಯಾದ ರೋಶಿಯಾ ಮೊಂಟಾನಾದಲ್ಲಿ ಕೆನಡಾದ ಗೇಬ್ರಿಯಲ್ ರಿಸೋರ್ಸಸ್ ಕಂಪನಿ ಒಂದು ಕೋಟಿ ಔನ್ಸ್ ಚಿನ್ನವನ್ನು ಲೆಕ್ಕ ಹಾಕಿ ಸಿದ್ಧ ಮಾಡಿತ್ತು. ಭೂವಿಜ್ಞಾನದ ಮಟ್ಟಿಗೆ ಪ್ರಶ್ನೆ ಉಳಿದಿರಲಿಲ್ಲ. ಜನ ವಿರೋಧಿಸಿದರು, ಯೋಜನೆ ನಿಂತಿತು, 2021ರಲ್ಲಿ ಆ ಜಾಗ ಯುನೆಸ್ಕೊ ಪಟ್ಟಿ ಸೇರಿತು. ಪರಿಹಾರಕ್ಕೆ ಹೂಡಿದ ಅಂತರರಾಷ್ಟ್ರೀಯ ದಾವೆಯಲ್ಲಿ 2024ರ ಮಾರ್ಚ್‌ನಲ್ಲಿ ಕಂಪನಿ ಸೋತಿತು.

ನಮ್ಮಲ್ಲೂ ನೋಡಿ. ಗಣಿ ಮತ್ತು ಖನಿಜ ಕಾಯ್ದೆಗೆ 2015ರ ತಿದ್ದುಪಡಿ ಹರಾಜು ಪದ್ಧತಿ ತಂದಿತು. ಮುಂಚೆ ಹುಡುಕಾಟದ ಪರವಾನಗಿ ಪಡೆದವರಿಗೆ 10ಎ(2)(ಬಿ) ಕಲಂ ಅಡಿ ಗಣಿ ಗುತ್ತಿಗೆಯ ಹಕ್ಕು ಉಳಿದಿತ್ತು. 2021ರ ಮಾರ್ಚ್ ತಿದ್ದುಪಡಿ ಆ ಬಾಕಿ ಹಕ್ಕುಗಳನ್ನು ರದ್ದು ಮಾಡಿತು. ಹಾವೇರಿ ಜಿಲ್ಲೆಯ ಗಣಜೂರು ನಿಕ್ಷೇಪ ಸಿಕ್ಕಿಕೊಂಡದ್ದು ಇದರಲ್ಲೇ. ಹುಡುಕಿದವರಿಗೇ ಗಣಿ ಸಿಗುತ್ತದೆಯೇ, ಗಡುವು ಯಾವಾಗ, ನವೀಕರಣ ಯಾರ ಕೈಯಲ್ಲಿ ಎಂಬ ಮೂರು ಪ್ರಶ್ನೆಗೆ ಉತ್ತರ ತಾಂತ್ರಿಕ ವರದಿಯ ನಾಲ್ಕನೇ ಅಧ್ಯಾಯದ ಸುತ್ತಮುತ್ತ ಇರುತ್ತದೆ. ಅಂಕಿಗಳ ಅಧ್ಯಾಯಕ್ಕೆ ಹಾರುವ ಮುಂಚೆ ಅದನ್ನು ಓದಬೇಕು.

ಯಾವ ಹಂತದಲ್ಲಿ, ಎಷ್ಟು

ಫ್ರಾಂಕೊ-ನೆವಾಡಾ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಪಿಯರ್ ಲಸಾಂಡ್ ಜೂನಿಯರ್ ಷೇರಿನ ಬದುಕನ್ನು ಒಂದು ವಕ್ರರೇಖೆಯಲ್ಲಿ ತೋರಿಸಿದ್ದಾರೆ. ನಿಕ್ಷೇಪ ಸಿಕ್ಕ ಹೊಸದರಲ್ಲಿ ಬೆಲೆ ಶಿಖರಕ್ಕೆ ಏರುತ್ತದೆ. ಆಮೇಲೆ ಅಧ್ಯಯನ, ಅನುಮತಿ, ಸಾಲದ ವರ್ಷಗಳು. ಸುದ್ದಿ ಇಲ್ಲ, ಬೆಲೆ ಇಳಿಯುತ್ತದೆ. ಗಣಿ ಕಟ್ಟಿ ಉತ್ಪಾದನೆ ಹತ್ತಿರವಾದಾಗ ಮತ್ತೆ ಏರಿಕೆ. ಹೆಚ್ಚಿನ ಜನ ಕೊಳ್ಳುವುದು ಮೊದಲ ಶಿಖರದಲ್ಲಿ, ಬೇಸತ್ತು ಮಾರುವುದು ನಡುವಿನ ತಗ್ಗಿನಲ್ಲಿ. ಈ ತಗ್ಗಿಗೆ ಬೀಳದೆ ಪಾರಾದವೂ ಇವೆ: ರೆಡ್ ಲೇಕ್‌ನ ಡಿಕ್ಸಿ ನಿಕ್ಷೇಪ ಕಂಡುಹಿಡಿದ ಗ್ರೇಟ್ ಬೇರ್ ಕಂಪನಿಯನ್ನು ಗಣಿ ಕಟ್ಟುವ ಮುಂಚೆಯೇ 2022ರಲ್ಲಿ ಕಿನ್‌ರಾಸ್ 180 ಕೋಟಿ ಕೆನಡಾ ಡಾಲರ್‌ಗೆ ಕೊಂಡಿತು. ಅಲ್ಲಿ ಬೋರ್ ಮೇಲೆ ಬೋರ್ ಕಿಲೋಮೀಟರುಗಟ್ಟಲೆ ಉದ್ದಕ್ಕೆ ಅದಿರು ತೋರಿಸಿತ್ತು. ಇಂಥವು ವಿರಳ, ಮತ್ತು ಇಂಥದ್ದೇ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಉಳಿದ ಎಲ್ಲ ಜೂನಿಯರ್‌ಗಳ ಷೇರು ಮಾರಾಟವಾಗುತ್ತದೆ.

ಹಾಗಾದರೆ ಎಷ್ಟು ಹಾಕಬಹುದು? ಪೂರ್ತಿ ಹೋದರೂ ಮನೆಯ ಲೆಕ್ಕ ಏರುಪೇರಾಗದಷ್ಟು, ಒಟ್ಟು ಉಳಿತಾಯದ ಶೇ 2 ಅಥವಾ 3 ಮೀರದಷ್ಟು, ಅದನ್ನೂ ಒಂದೇ ಕಂಪನಿಗೆ ಹಾಕದೆ. ಮಕ್ಕಳ ಫೀಸು, ಮನೆ ಸಾಲದ ಕಂತಿನ ಹಣ ಇದಕ್ಕಲ್ಲ. ಸಾಲ ಮಾಡಿ ಕೊಳ್ಳುವ ಮಾತಂತೂ ಬೇಡವೇ ಬೇಡ. ದಿನದ ವಹಿವಾಟು ನೋಡಿಕೊಳ್ಳಿ. ದಿನಕ್ಕೆ 20,000 ಡಾಲರ್ ಮಾತ್ರ ಕೈಬದಲಾಗುವ ಷೇರಿನಲ್ಲಿ ನಿಮ್ಮದು 10,000 ಡಾಲರ್ ಇದ್ದರೆ, ಕೆಟ್ಟ ಫಲಿತಾಂಶ ಬಂದ ದಿನ ಹೊರಬರಲು ಆಗುವುದಿಲ್ಲ. ಕೊಳ್ಳುವಾಗ, ಮಾರುವಾಗ ಬೆಲೆ ನಮೂದಿಸಿದ ಲಿಮಿಟ್ ಆರ್ಡರ್ ಮಾತ್ರ ಹಾಕಿ. ಬೆಲೆ ಹೇಳದ ಮಾರ್ಕೆಟ್ ಆರ್ಡರ್ ಹಾಕಿದರೆ 25 ಸೆಂಟಿನ ಷೇರು 29ಕ್ಕೆ ಸಿಗಬಹುದು.

ಭಾರತದಿಂದ ಹಣ ಕಳಿಸುವವರಿಗೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ವರ್ಷಕ್ಕೆ ತಲಾ 2,50,000 ಡಾಲರ್ ಮಿತಿ ಇದೆ. ವಿದೇಶಿ ಷೇರು 24 ತಿಂಗಳು ದಾಟಿದರೆ ಮಾತ್ರ ದೀರ್ಘಾವಧಿಯ ಲಾಭ ಅನಿಸಿಕೊಳ್ಳುತ್ತದೆ. ನಷ್ಟವಾಗಿ ಮೂಲೆಗೆ ಬಿದ್ದ ಷೇರಾದರೂ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಷೆಡ್ಯೂಲ್ ಎಫ್‌ಎಯಲ್ಲಿ ತೋರಿಸಲೇಬೇಕು.

ಆರ್ಡರ್ ಹಾಕುವ ಮುಂಚೆ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದಿಡಿ. ಈಗಿನ ಹಣ ಎಷ್ಟು ತ್ರೈಮಾಸಿಕಕ್ಕೆ ಸಾಕು. ವಾರಂಟ್, ಆಪ್ಷನ್ ಸೇರಿ ಒಟ್ಟು ಷೇರು ಎಷ್ಟು. ಮುಂದಿನ ಬೋರ್‌ಗಳು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿವೆ: ಅದಿರು ಉತ್ತರಕ್ಕೆ ಮುಂದುವರಿದಿದೆಯೇ, ಆಳಕ್ಕೋ? ಯಾವ ಫಲಿತಾಂಶ ಬಂದರೆ ಮಾರುತ್ತೀರಿ. ಕೊನೆಯದನ್ನು ಅಂಕಿಯಲ್ಲೇ ಬರೆಯಿರಿ: 'ಹೊರಗಿನ ನಾಲ್ಕು ಬೋರ್‌ಗಳಲ್ಲಿ ಎರಡರಲ್ಲಾದರೂ ನಿಜವಾದ ದಪ್ಪ 5 ಮೀಟರ್, ಟನ್ನಿಗೆ 2 ಗ್ರಾಂ ಬಾರದಿದ್ದರೆ' ಅಂತ. ಫಲಿತಾಂಶ ಬಂದ ದಿನ ಪ್ರಕಟಣೆಯ ತಲೆಬರಹಕ್ಕಿಂತ ಮೊದಲು ಆ ಹಾಳೆಯನ್ನು ತೆಗೆದು ಓದಿ, ಆಮೇಲೆ ಕೋಷ್ಟಕಕ್ಕೆ ಹೋಗಿ.